ಕೊಹ್ಲಿಯನ್ನ ಬಿಟ್ಟ ಡೆಲ್ಲಿ ದಡ್ಡತನ ಮಾಡ್ತಾ?

ಇವತ್ತಿನ ಕತೆ 2008ರ ಮಾರ್ಚ್ ತಿಂಗಳಿನದು. ಐಪಿಎಲ್‌ನ ದೊಡ್ಡ ಹರಾಜು ಫೆಬ್ರವರಿಯಲ್ಲೇ ಮುಗಿದಿತ್ತು. ಕೌಲಾಲಂಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನ ಮಾತ್ರ ಹರಾಜಿಗೆ ಹಾಕದೆ, ಅಮೆರಿಕನ್ ಫುಟ್‌ಬಾಲ್ ಥರ ಡ್ರಾಫ್ಟ್ ಮಾಡಿದ್ರು. ತಂಡಗಳು ಸರದಿ ಪ್ರಕಾರ ಹೆಸರು ಹೇಳ್ಬೇಕು, ದುಡ್ಡು ಮೊದಲೇ ನಿಗದಿ.

ಡೆಲ್ಲಿಯವರು ತಮ್ಮೂರಿನ ಕ್ಯಾಪ್ಟನ್ ವಿರಾಟ್ ಕೊಹ್ಲಿಯನ್ನ ಬಿಟ್ಟು, ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನ ತಗೊಂಡ್ರು. ಕೊಹ್ಲಿ 12 ಲಕ್ಷಕ್ಕೆ ಬೆಂಗಳೂರಿಗೆ ಬಂದ.

ಈಗ ನಗೋದು ಸುಲಭ. ಆದ್ರೆ ನನ್ನ ಪ್ರಕಾರ ಡೆಲ್ಲಿ ಲೆಕ್ಕ ಸರಿಯಾಗೇ ಇತ್ತು. ಸೆಹ್ವಾಗ್, ಗಂಭೀರ್, ಧವನ್, ಡಿವಿಲಿಯರ್ಸ್ ಆಗಲೇ ಇದ್ದಾಗ ಇನ್ನೊಬ್ಬ ಬ್ಯಾಟ್ಸ್‌ಮನ್ ಯಾಕೆ? ಟೀಮಲ್ಲಿ ಐದು ಜನ ಜಾವಾದವರಿದ್ರೆ ಟೆಸ್ಟರ್‌ನ ಹುಡುಕ್ತೀವಿ ಅಲ್ವಾ, ಹಾಗೆ. ಮೊದಲ ವರ್ಷದ ಫಲಿತಾಂಶವೂ ಅವರ ಕಡೆಗೇ ಇತ್ತು: ಡೆಲ್ಲಿ ಸೆಮಿಫೈನಲ್‌ಗೆ ಹೋಯ್ತು, ಆರ್‌ಸಿಬಿ ಎಂಟರಲ್ಲಿ ಏಳನೇದು. ಕೊಹ್ಲಿ 13 ಪಂದ್ಯದಲ್ಲಿ ಹೊಡೆದಿದ್ದು 165 ರನ್, ಸರಾಸರಿ 15.

ಅಮೆರಿಕದಲ್ಲಿ ಕ್ವಾರ್ಟರ್‌ಬ್ಯಾಕ್ ಆರಿಸೋವಾಗಲೂ ಇದೇ ಪಾಡು. ತಂಡದ ಆಟವೆಲ್ಲ ಅವನ ಕೈಯಲ್ಲೇ ಇರತ್ತೆ, ಆದ್ರೆ ಕಾಲೇಜಿನ ಆಟ ನೋಡಿ ಭವಿಷ್ಯ ಹೇಳೋಕಾಗಲ್ಲ. 2007ರಲ್ಲಿ ಮೊಟ್ಟಮೊದಲು ಆಯ್ಕೆಯಾದ ಜಮಾರ್ಕಸ್ ರಸೆಲ್ ಮೂರೇ ಸೀಸನ್ ಆಡಿದ. 2000ದಲ್ಲಿ 199ನೆಯವನಾಗಿ ಸಿಕ್ಕ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದ.

ಹಾಗಾಗಿ ಆರ್‌ಸಿಬಿಯನ್ನ ನಾನು ಮೆಚ್ಚೋದು 2008ಕ್ಕಲ್ಲ, ಆಮೇಲಿನ ತಾಳ್ಮೆಗೆ. ಸರಾಸರಿ 15ರ ಹುಡುಗನ್ನ ಅವರು ಕೈಬಿಡ್ಲಿಲ್ಲ. 2011ರ ಹರಾಜಿಗೆ ಮುಂಚೆ ಅವರು ಉಳಿಸಿಕೊಂಡಿದ್ದು ಅವನೊಬ್ಬನನ್ನೇ. ದ್ರಾವಿಡ್, ಕುಂಬ್ಳೆ ಇಬ್ಬರನ್ನೂ ಉಳಿಸ್ಲಿಲ್ಲ. ನಮ್ಮವರಿಗೆ ಅದು ಚುಚ್ಚಿದ್ದು ನಿಜ. ಅದೇ ತಂಡ 2014ರಲ್ಲಿ ಯುವರಾಜ್‌ಗೆ 14 ಕೋಟಿ ಸುರಿದು ಒಂದೇ ವರ್ಷಕ್ಕೆ ಬಿಟ್ಟಿತು ಅನ್ನೋದೂ ನೆನಪಿರಲಿ.

ಇನ್ನು ನಮ್ಮ ಅಹಮದಾಬಾದಿಗೆ ಬರೋಣ. 2022ರ ಮೇ 29ಕ್ಕೆ ಮೊಟೇರಾದಲ್ಲಿ ಗುಜರಾತ್ ಟೈಟನ್ಸ್ ಕಪ್ ಎತ್ತಿದಾಗ ಆ ತಂಡದಲ್ಲಿ ಸಾಂಗ್ವಾನ್ ಇದ್ದ, 20 ಲಕ್ಷದ ಆಟಗಾರ. ಕೊಹ್ಲಿಗೆ ಆಗಿನ್ನೂ ಒಂದೂ ಕಪ್ ಸಿಕ್ಕಿರ್ಲಿಲ್ಲ. ಅವನಿಗೆ ಅದು ಸಿಕ್ಕಿದ್ದು ಅದೇ ಮೈದಾನದಲ್ಲಿ, 2025ರ ಜೂನ್ 3ಕ್ಕೆ, ಪಂಜಾಬ್ ವಿರುದ್ಧ 6 ರನ್ನಿಂದ. ಅವತ್ತು ಪಂದ್ಯಶ್ರೇಷ್ಠ ಮಾತ್ರ ಪಕ್ಕದ ಬರೋಡದ ಕೃಣಾಲ್ ಪಾಂಡ್ಯ.