ಸಂಡೂರು ಬೆಟ್ಟಗಳ ಪುರಾತನ ಕಡಲ ಸೂಕ್ಷ್ಮಜೀವಿಗಳು

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಮಗ್ಗುಲಿಗಿರುವ ಸಂಡೂರು ಬೆಟ್ಟಸಾಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಕಡಲಡಿಯಲ್ಲಿ ಕೂಡಿದ ಕೆಸರು, ಲಾವಾಗಳಿಂದಾದ ಶಿಲಾಪಟ್ಟಿ. ಆ ಕಡಲಲ್ಲಿ ಮೀನಿಲ್ಲ, ಚಿಪ್ಪಿಲ್ಲ. ಇದ್ದವು ಸೂಕ್ಷ್ಮಜೀವಿಗಳು ಮಾತ್ರ. ತೆಳುನೀರಿನ ಜೀವಿಗಳಿಗೂ ಆಳದವಕ್ಕೂ ನಡೆದ ಕೊಡುಕೊಳೆಯ ಗುರುತು ಇಲ್ಲಿನ ಅದಿರಿನಲ್ಲಿದೆ. ಸುತ್ತಲ ನೆಲದಲ್ಲಿ ಅದನ್ನು ಹುಡುಕಿ ಫಲವಿಲ್ಲ: ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳು ಭೂಗರ್ಭದಲ್ಲಿ ಕರಗಿ ಆರಿದ ಗ್ರಾನೈಟ್.

ಬಿಸಿಲು ತಾಗುವ ತೆಳುನೀರಿನಲ್ಲಿ ಸಯನೋಬ್ಯಾಕ್ಟೀರಿಯಗಳು (ಕೆರೆಯ ಮೇಲೆ ಹಸಿರು ಕಟ್ಟುವ ನೀಲಿಹಸಿರು ಪಾಚಿಯ ಬಳಗ) ಲೋಳೆಯ ಹಾಸಾಗಿ ಹರಡಿ, ಮೇಲೆ ಬಿದ್ದ ಕಣಗಳನ್ನು ಹಿಡಿದು, ಬೆಳಕಿಗಾಗಿ ಅವುಗಳ ಮೇಲೆ ಮತ್ತೆ ಹಾಸು ಕಟ್ಟುತ್ತಿದ್ದವು. ಹೀಗೆ ಪದರ ಪದರವಾಗಿ ಬೆಳೆದ ಕಲ್ಲೇ ಸ್ಟ್ರೊಮಟೊಲೈಟ್. ಅಡ್ಡ ಕೊಯ್ದರೆ ಹೆಚ್ಚಿದ ಈರುಳ್ಳಿಯಂತೆ ಕಾಣುತ್ತದೆ.

ಆಳದ ನೀರಿನಲ್ಲಿ ಆಮ್ಲಜನಕವಿರಲಿಲ್ಲ. ಕರಗಿದ ಕಬ್ಬಿಣ ಧಾರಾಳವಾಗಿತ್ತು. ಆ ನೀರು ಮೇಲಕ್ಕೆ ಬಂದಾಗ ಸಯನೋಬ್ಯಾಕ್ಟೀರಿಯ ಬಿಟ್ಟ ಆಮ್ಲಜನಕ ತಾಗಿ ಕಬ್ಬಿಣ ತುಕ್ಕಾಗುತ್ತಿತ್ತು. ಆಮ್ಲಜನಕದ ಹಂಗಿಲ್ಲದೆ ಬೆಳಕಿನ ಬಲದಿಂದಲೇ ಕಬ್ಬಿಣವನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಗಳೂ ಉಂಟು. ಯಾರ ಪಾಲೆಷ್ಟು ಎಂಬ ವಾದ ಮುಗಿದಿಲ್ಲ. ತುಕ್ಕು, ಸತ್ತ ಜೀವಕೋಶ ಎರಡೂ ತಳಕ್ಕಿಳಿದವು. ಅಲ್ಲಿನ ಇನ್ನೊಂದು ಗುಂಪಿಗೆ ಸತ್ತ ಕೋಶಗಳೇ ಉಣಿಸು, ತುಕ್ಕೇ ಉಸಿರು. ಅವು ಉಂಡಂತೆ ಕಬ್ಬಿಣದ ಒಂದಂಶ ಕರಗಿ ಮತ್ತೆ ನೀರಿಗೆ ಸೇರಿತು. ಉಳಿದದ್ದು ಸಿಲಿಕದೊಡನೆ ಪಟ್ಟೆಪಟ್ಟೆಯಾಗಿ ಗಟ್ಟಿಯಾಯಿತು. ಬಹುಕಾಲದ ಮಳೆಬಿಸಿಲಿಗೆ ಸಿಲಿಕ ಕಳೆದುಕೊಂಡು, ಇಂದು ಲಾರಿಗಳಲ್ಲಿ ಸಾಗುವ ಅದಿರಾಯಿತು.

ಮ್ಯಾಂಗನೀಸ್ ಕಬ್ಬಿಣದಷ್ಟು ಸುಲಭವಾಗಿ ತುಕ್ಕಾಗದು, ಅದಕ್ಕೆ ಆಮ್ಲಜನಕವೇ ಬೇಕೆನ್ನುತ್ತಾರೆ. ಅದರ ಅದಿರೂ ಸಂಡೂರಿನಲ್ಲಿ ಹೇರಳ. ವಾತಾವರಣದಲ್ಲಿ ಆಮ್ಲಜನಕ ನೆಲೆಗೊಂಡದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮುಂಚೆ ಇಲ್ಲಿನ ತೆಳುನೀರಿನಲ್ಲಿ ಅಲ್ಲಲ್ಲಿ ಆಮ್ಲಜನಕದ ಮಡುಗಳಿದ್ದವು ಎಂಬ ಊಹೆಗೆ ಈ ಮ್ಯಾಂಗನೀಸ್ ಅದಿರು ಇಂಬು ಕೊಡುತ್ತದೆ.

ಸಂಡೂರಿನ ಚರ್ಟ್ ಎಂಬ ಸಿಲಿಕದ ಕಲ್ಲಿನಲ್ಲಿ ಸಿಲಿಕವಾಗಿ ಮಾರ್ಪಟ್ಟ ಸಯನೋಬ್ಯಾಕ್ಟೀರಿಯಗಳಿವೆ ಎಂದು ಭೂವಿಜ್ಞಾನಿ ಎಸ್. ಎಂ. ನಕ್ವಿ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಇಷ್ಟು ಹಳೆಯ ಕಲ್ಲಿನಲ್ಲಿ ಎಳೆಯಂಥ ಆಕಾರ ಕಂಡ ಮಾತ್ರಕ್ಕೆ ಜೀವಿ ಎನ್ನಲಾಗದು. ಖನಿಜಗಳೂ ಅಂಥ ವೇಷ ತೊಡಬಲ್ಲವು. ಕಲ್ಲಿನ ರಚನೆ, ರಸಾಯನ, ಆಕಾರ ಮೂರೂ ಒಂದೇ ಮಾತು ಹೇಳಿದಾಗಲೇ ಸಾಕ್ಷ್ಯಕ್ಕೆ ತೂಕ.

ಆಮ್ಲಜನಕವಿಲ್ಲದ ಆ ಆಳನೀರಿಗೆ ಇಂದಿನ ಕಡಲಲ್ಲಿ ಒಂದು ನಂಟು ಅರಬ್ಬೀ ಸಮುದ್ರದಲ್ಲಿದೆ. ಅಲ್ಲಿ ಸುಮಾರು 150ರಿಂದ 1000 ಮೀಟರ್ ಆಳದವರೆಗೆ ಆಮ್ಲಜನಕ ತೀರ ಕಡಿಮೆ. ಮೇಲಿಂದ ಬೀಳುವ ಸತ್ತ ಪ್ಲವಕಗಳನ್ನು ಕೊಳೆಯಿಸುತ್ತ ಬ್ಯಾಕ್ಟೀರಿಯಗಳು ಇದ್ದಷ್ಟನ್ನೂ ಬಳಸಿಬಿಡುತ್ತವೆ. ಆ ಪದರದಲ್ಲಿ ನೈಟ್ರೇಟನ್ನು ಉಸಿರಾಡಿ, ಸಾರಜನಕ ಅನಿಲವಾಗಿ ಬಿಡುವ ಬಗೆಗಳು ಬದುಕುತ್ತವೆ. ಮುಂಗಾರಿನ ಕೊನೆಗೆ ಇಂಥ ಬಡನೀರು ಕರಾವಳಿಯ ತೆಳುತಳಕ್ಕೂ ಏರಿಬರುತ್ತದೆ. ಆದರೆ 1000 ಮೀಟರ್ ದಾಟಿದರೆ ಆಮ್ಲಜನಕ ಮತ್ತೆ ಹೆಚ್ಚುತ್ತದೆ: ದಕ್ಷಿಣ ಧ್ರುವದ ಕಡೆ ತಣಿದು ಮುಳುಗಿದ ನೀರು ಅದನ್ನು ಹೊತ್ತು ತರುತ್ತದೆ. ಸಂಡೂರಿನ ಕಡಲಿಗೆ ಆ ಕೆಳಪದರ ಇರಲಿಲ್ಲ.