ಮರದ ನೆಲಹಾಸು: ಬಣ್ಣಕ್ಕಿಂತ ತೇವ ಮುಖ್ಯ

ಗ್ರಾನೈಟ್, ಅಮೃತಶಿಲೆಗಳ ಬದಲು ಗಟ್ಟಿಮರದ ನೆಲಹಾಸನ್ನು ಬಯಸುವವರು ಮೊದಲು ಗಮನಿಸಬೇಕಾದುದು ಬಣ್ಣವನ್ನಲ್ಲ, ತೇವವನ್ನು. ಮರವು ಮಳೆಗಾಲದಲ್ಲಿ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತೇಗದಲ್ಲಿ ಈ ಏರಿಳಿತ ಕಡಿಮೆ. ಅದರ ಚೇಗಿಗೆ ಗೆದ್ದಲು ಹಿಡಿಯುವುದೂ ಅಪರೂಪ.

ಕರಾವಳಿ, ಮಲೆನಾಡಿನ ಆರ್ದ್ರತೆಗೆ ಇಡೀ ಮರದ ಹಲಗೆಗಿಂತ, ಪದರಗಳನ್ನು ಅಡ್ಡ-ಉದ್ದವಾಗಿ ಅಂಟಿಸಿದ ಎಂಜಿನಿಯರ್ಡ್ ಹಲಗೆ ಲೇಸು. ಆದರೆ ಅದರ ಮೇಲ್ಪದರ ಕೆಲವೇ ಮಿಲಿಮೀಟರ್. ಉಜ್ಜಿ ಹೊಸ ಹೊಳಪು ಕೊಡಿಸುವ ಅವಕಾಶ ಹೆಚ್ಚೆಂದರೆ ಒಂದೆರಡು ಬಾರಿ. ಇನ್ನು ಲ್ಯಾಮಿನೇಟ್‌ನ ಮೇಲ್ಮೈಯಲ್ಲಿರುವುದು ಮರದ ಮುದ್ರಿತ ಚಿತ್ರವಷ್ಟೆ.

ಹೊಸ ಕಾಂಕ್ರೀಟ್ ಪೂರ್ಣ ಒಣಗುವ ಮುನ್ನವೇ ಹಲಗೆ ಹಾಕಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕೂ ಅಂಚುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ 24 ಗಂಟೆ ಬಿಡಬೇಕು. ಅಡಿಯಲ್ಲಿ ಹನಿಗಳು ಕಂಡರೆ, ಗೃಹಪ್ರವೇಶದ ಮುಹೂರ್ತ ಸಮೀಪಿಸಿದ್ದರೂ ಕೆಲಸ ಮುಂದೂಡುವುದೇ ಸರಿ. ಹನಿ ಕಾಣದಿದ್ದರೂ ತೇವಮಾಪಕದಿಂದ ಪರೀಕ್ಷಿಸುವುದು ಕ್ಷೇಮ. ಹಲಗೆಗಳನ್ನೂ ಕೆಲವು ದಿನ ಅದೇ ಕೋಣೆಯಲ್ಲಿರಿಸಬೇಕು. ಗೋಡೆಯಂಚಿನಲ್ಲಿ ಸುಮಾರು 10 ಮಿ.ಮೀ. ಸಂದು ಅಗತ್ಯ, ಇಲ್ಲವಾದರೆ ಹಿಗ್ಗಿದ ನೆಲ ನಡುವೆ ಉಬ್ಬುತ್ತದೆ. ಸಂದನ್ನು ಸ್ಕರ್ಟಿಂಗ್ ಮರೆಮಾಡುತ್ತದೆ.

ನಿತ್ಯ ಬಕೆಟ್ ನೀರಿನಲ್ಲಿ ಬಟ್ಟೆ ಅದ್ದಿ ಒರೆಸುವ ರೂಢಿ ಇಲ್ಲಿ ಸಲ್ಲದು. ಮೃದುವಾದ ಪೊರಕೆಯಿಂದ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಸ್ನಾನಗೃಹ, ಅಡುಗೆಮನೆಗಳಿಗೆ ಟೈಲ್ಸ್‌ ಹಾಕಿಸುವುದೇ ಒಳಿತು.