ಅರ್ಜೆಂಟ್ ಕಾಲ್‌ನಿಂದ ರೌಟರ್‌ವರೆಗೆ

2020ರ ಮಾರ್ಚ್‌ನಲ್ಲಿ ಯುಎಇಯ ಶಾಲೆಗಳೆಲ್ಲ ಆನ್‌ಲೈನ್ ಆದಾಗ ನನಗೆ ಹತ್ತು ವರ್ಷ. ಅಣ್ಣ ಗೇಮ್ ಡೌನ್‌ಲೋಡ್‌ಗೆ ಹಾಕಿದರೆ ಸಾಕು, ಪರದೆಯ ಮೇಲೆ ನಮ್ಮ ಟೀಚರ್ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತಿದ್ದರು. ಒಂದು ಪರೀಕ್ಷೆ ಅರ್ಧಕ್ಕೇ ಕಟ್ ಆಯಿತು, ನಾನು ಅತ್ತುಬಿಟ್ಟೆ. ಅಂದು ಅಪ್ಪ ರೌಟರ್ ಸೆಟ್ಟಿಂಗ್ಸ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಮೊದಲ ಸ್ಥಾನ ಕೊಟ್ಟರು. ಅಣ್ಣ ಒಂದು ವಾರ ಮಾತು ಬಿಟ್ಟ.

ಊರಿನಲ್ಲಿರುವ ಅಜ್ಜಿಗೆ ಹೇಳಿದರೆ ಇದೇನು ಹೊಸದಲ್ಲ ಎಂದರು. ಅವರ ಕಾಲದಲ್ಲಿ ಟ್ರಂಕ್ ಕಾಲ್ ಬುಕ್ ಮಾಡುವಾಗ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಬೇರೆ ಬೇರೆ ದರ. ಹೆಚ್ಚು ದುಡ್ಡು ಕೊಟ್ಟವರಿಗೆ ಲೈನ್ ಬೇಗ ಸಿಗುತ್ತಿತ್ತು.

ಇಂಟರ್ನೆಟ್‌ನಲ್ಲೂ ಈ ಯೋಚನೆ ಹಳೆಯದೇ. 1981ರ ಐಪಿ ನಿಯಮದಲ್ಲೇ ಪ್ರತಿ ಪ್ಯಾಕೆಟ್‌ನ ಆರಂಭದಲ್ಲಿ ಆದ್ಯತೆ ಬರೆಯಲು 3 ಬಿಟ್ ಜಾಗವಿತ್ತು, ಅಂದರೆ 8 ದರ್ಜೆ. ರೊಟೀನ್, ಇಮಿಡಿಯೇಟ್, ಫ್ಲ್ಯಾಶ್ ಎಂಬ ಹೆಸರುಗಳು ಅಮೆರಿಕದ ಸೇನಾ ಸಂದೇಶಗಳಲ್ಲಿ ಬಳಕೆಯಲ್ಲಿದ್ದವು. 1998ರಲ್ಲಿ ಅದು 6 ಬಿಟ್ ಆಗಿ, 64 ಗುರುತುಗಳಿಗೆ ಜಾಗವಾಯಿತು. ಫೋನ್ ಮಾತಿಗೆ ಸಾಮಾನ್ಯವಾಗಿ 46.

ಲೈಟ್ನಿಂಗ್ ಕಾಲ್‌ಗೆ ದುಡ್ಡು ಬೇಕಿತ್ತು. ಆದರೆ 46 ಎಂದು ಯಾರು ಬೇಕಾದರೂ ಬಿಟ್ಟಿಯಾಗಿ ಬರೆದುಕೊಳ್ಳಬಹುದಲ್ಲ! ಅದಕ್ಕೇ ಎಷ್ಟೋ ನೆಟ್‌ವರ್ಕ್‌ಗಳು ಹೊರಗಿನ ಗುರುತನ್ನು ನಂಬದೆ ಅಳಿಸಿ 0 ಮಾಡುತ್ತವೆ. ನಮ್ಮ ಮನೆಯ ರೌಟರ್ ಕೂಡ ಯಾವ ಸಾಧನ ಎಂದು ತಾನೇ ನೋಡಿ ವಿಂಗಡಿಸುತ್ತದೆ.

ಇದರಿಂದ ಸರದಿ ಬದಲಾಗುತ್ತದೆಯೇ ಹೊರತು ದಾರಿ ಅಗಲವಾಗುವುದಿಲ್ಲ. 2008ರ ಫೆಬ್ರವರಿ 1ರಂದು ದುಬೈ ಬಳಿ ಸಮುದ್ರದಡಿಯ ಫಾಲ್ಕನ್ ಕೇಬಲ್ ತುಂಡಾಯಿತು, ಕಾರಣ ಹಡಗಿನ ಒಂದು ಲಂಗರು. ಅದಕ್ಕೆ ಯಾವ ಸೆಟ್ಟಿಂಗ್ಸೂ ಮದ್ದಲ್ಲ.

ಅಣ್ಣನ ಗೇಮ್‌ಗಳು ಈಗ ನಾವೆಲ್ಲ ಮಲಗಿದ ಮೇಲೆ ಇಳಿಯುತ್ತವೆ.